ಹಾಡು ಉಳಿಯಿತು, ಹೆಸರು ಎಲ್ಲಿ ಹೋಯಿತು?

ಎರಡು ವರ್ಷದ ಹಿಂದೆ ಮದ್ರಸದ ಮೀಲಾದ್ ಕಾರ್ಯಕ್ರಮದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಮಕ್ಕಳು ಹಳೆಯದೊಂದು ಬ್ಯಾರಿ ಹಾಡು ಹಾಡುವವರಿದ್ದರು. ಪೆನ್‌ಡ್ರೈವ್‌ನಿಂದ ಮೊಬೈಲ್‌ಗೆ ಹಾಕಿಕೊಂಡ ಅದೇ ಹಾಡನ್ನು ಕೇಳಿ ಕೇಳಿ ಅವರು ಕಲಿತದ್ದು. ಮೈಕ್ ಹಿಡಿದಿದ್ದ ನಾವು ಮೊಬೈಲ್‌ನ ಪರದೆ ನೋಡಿ, ಅಲ್ಲಿ ಕಂಡ ಹೆಸರನ್ನೇ "ಈ ಹಾಡನ್ನು ಬರೆದವರು" ಎಂದು ಜೋರಾಗಿ ಹೇಳಿಬಿಟ್ಟೆವು. ಮಕ್ಕಳು ಹಾಡಿದರು, ಜನ ಮೆಚ್ಚಿದರು, ಬಹುಮಾನವೂ ಬಂತು.

ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ವಯಸ್ಸಾದವರೊಬ್ಬರು ಮೆಲ್ಲ ಹತ್ತಿರ ಬಂದರು. ಸಲಾಂ ಹೇಳಿದರು. "ಉಸ್ತಾದ್, ಮಕ್ಕಳು ಚೆನ್ನಾಗಿ ಹಾಡಿದ್ರು. ಆದ್ರೆ ಆ ಹಾಡು ಬರೆದದ್ದು ನನ್ನ ಬಾಪ. ನೀವು ಹೇಳಿದ್ದು ಅದನ್ನ ಹಾಡಿದವರ ಹೆಸರು" ಅಂದರು. ಸಿಟ್ಟಿಲ್ಲ, ಜಗಳವಿಲ್ಲ. ಅಷ್ಟು ಹೇಳಿ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿಯೇ ಪೆನ್‌ಡ್ರೈವ್ ತೆಗೆದು ಕೂತೆವು. ಅದರಲ್ಲಿ ಸಾವಿರಕ್ಕೂ ಹೆಚ್ಚು ಹಾಡು. ಮದ್‌ಹ್, ಮಾಪಿಳ್ಳೆ ಪಾಟ್ಟು, ಬ್ಯಾರಿ ಹಾಡು, ಮದುವೆ ಹಾಡು, ದಫ್ ಬೈತ್, ನಡುವೆ ಒಂದೆರಡು ಮತಪ್ರಸಂಗ. ಅರ್ಧಕ್ಕರ್ಧ ಹಾಡುಗಳ ಎದುರು 'ಟ್ರ್ಯಾಕ್ 01', 'ಟ್ರ್ಯಾಕ್ 02', 'ಅನ್‌ನೋನ್ ಆರ್ಟಿಸ್ಟ್'. ಉಳಿದವುಗಳ ಎದುರು ಯಾವುದೋ ವೆಬ್‌ಸೈಟಿನ ಹೆಸರು, ಇಲ್ಲವೇ ಹಾಡು ತುಂಬಿಸಿಕೊಟ್ಟ ಮೊಬೈಲ್ ಅಂಗಡಿಯ ಹೆಸರು. ಅಂದರೆ ಅಂಗಡಿಯವನ ಹೆಸರು ಉಳಿದಿದೆ, ಕವಿಯ ಹೆಸರು ಅಳಿದಿದೆ.

ಹಾಡಿನ ಬೆನ್ನಿಗಂಟಿದ ಚೀಟಿ

ಇದು ಯಾಕೆ ಹೀಗೆ ಅಂತ ತಿಳಿಯಲು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಹಿಡಿದೆವು. ಅವನು ಈಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ಮೊದಲು ಬಿಡಿಸಿಕೊಟ್ಟ ಗೊಂದಲ ಇದು: ಫೈಲಿನ ಹೆಸರು ಬೇರೆ, ಹಾಡಿನ ಒಳಗಿರುವ ಚೀಟಿ ಬೇರೆ. ಆ ಚೀಟಿಗೆ 'ಟ್ಯಾಗ್' ಅಂತಾರೆ. ನಾವು ಫೈಲಿನ ಹೆಸರನ್ನು ಎಷ್ಟು ಬದಲಿಸಿದರೂ ಮೊಬೈಲ್ ಮತ್ತು ಕಾರಿನ ಸೆಟ್ ಸಾಮಾನ್ಯವಾಗಿ ತೋರಿಸುವುದು ಒಳಗಿನ ಚೀಟಿಯನ್ನು. ಹೊರಗೆ ಹೆಸರು ಸರಿ ಮಾಡಿ ಒಳಗೆ ತಪ್ಪು ಬಿಟ್ಟರೆ ಅಂಚೆ ಲಕೋಟೆಯ ಮೇಲೆ ಒಂದು ವಿಳಾಸ, ಪತ್ರದೊಳಗೆ ಇನ್ನೊಂದು ವಿಳಾಸ ಬರೆದ ಹಾಗೆ.

ಎಂಪಿ3 ಹಾಡುಗಳಿಗೆ ಈ ಚೀಟಿ ಬಂದದ್ದು 1996ರಲ್ಲಿ. ಅದಕ್ಕೆ 'ಐಡಿ3' ಎಂದು ಹೆಸರು. ಫೈಲಿನ ಕೊನೆಯಲ್ಲಿ ಬರೀ 128 ಬೈಟ್ ಜಾಗ. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಷರಾಕ್ಕೆ 30. ಇಷ್ಟೇ. ಅದೂ ಇಂಗ್ಲಿಷ್‌ನಂಥ ಲಿಪಿಯನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಮೋಯಿನ್‌ಕುಟ್ಟಿ ವೈದ್ಯರ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಎಂಬ ಕಾವ್ಯದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ನಡುವಿನ ಖಾಲಿ ಜಾಗ ಸೇರಿ 27 ಆಗುತ್ತದೆ. ಪಕ್ಕದಲ್ಲಿ 'ಭಾಗ ಒಂದು' ಎಂದು ಸೇರಿಸಲೂ ಜಾಗವಿಲ್ಲ. ಇನ್ನು ಮುಖ್ಯವಾದ ಕೊರತೆ ಏನೆಂದರೆ, ಆ ಚೀಟಿಯಲ್ಲಿ 'ಬರೆದವರು' ಎಂಬ ಮನೆಯೇ ಇರಲಿಲ್ಲ. ಹಾಡಿದವರಿಗೆ ಮಾತ್ರ ಜಾಗ. ನಮ್ಮ ಮೀಲಾದ್ ವೇದಿಕೆಯ ತಪ್ಪಿನ ಬೇರು ಇಲ್ಲೇ ಇದೆ ಅಂತ ಆಗ ನಮಗೆ ಅರ್ಥವಾಯಿತು.

ಹಾಡಿನ ಬಗೆ ತಿಳಿಸಲು ಒಂದೇ ಒಂದು ಬೈಟ್ ಇತ್ತು. ಮೊದಲೇ ಗೊತ್ತು ಮಾಡಿದ 80 ಬಗೆಗಳ ಪಟ್ಟಿಯಿಂದ ಒಂದು ಅಂಕಿ ಆರಿಸಬೇಕು. ಆ ಪಟ್ಟಿಯಲ್ಲಿ ಮಾಪಿಳ್ಳೆ ಪಾಟ್ಟೂ ಇಲ್ಲ, ಬ್ಯಾರಿ ಹಾಡೂ ಇಲ್ಲ. ಪಟ್ಟಿಯ ಸೊನ್ನೆ ಅಂಕಿ ಅಂದರೆ 'ಬ್ಲೂಸ್', ಅಮೆರಿಕದ ಕರಿಯ ಜನರ ಒಂದು ಹಾಡಿನ ಬಗೆ. ಯಾರೂ ಏನೂ ಆರಿಸದೆ ಸೊನ್ನೆಯೇ ಉಳಿದ ಫೈಲುಗಳೆಲ್ಲ 'ಬ್ಲೂಸ್' ಆಗಿಬಿಡುತ್ತವೆ. ನಮ್ಮ ಮನೆಯ ಮದುವೆಯಲ್ಲಿ ಉಮ್ಮಮ್ಮ ಹಾಡಿದ ಹಾಡು ಕೂಡ ಕಂಪ್ಯೂಟರಿನಲ್ಲಿ 'ಬ್ಲೂಸ್' ಎಂದು ಕಂಡಾಗ ಮನೆಯವರೆಲ್ಲ ನಕ್ಕೆವು. ನಗು ಮುಗಿದ ಮೇಲೆ ಸ್ವಲ್ಪ ಬೇಸರವೂ ಆಯಿತು.

1998ರಲ್ಲಿ ಈ ಚೀಟಿಯ ಎರಡನೇ ರೂಪ ಬಂತು. ಅದು ಫೈಲಿನ ಕೊನೆಯಲ್ಲಿ ಅಲ್ಲ, ಮೊದಲಲ್ಲಿ ಕೂರುತ್ತದೆ. ಕನ್ನಡ, ಅರಬಿ, ಮಲಯಾಳಂ ಯಾವ ಲಿಪಿಯಲ್ಲೂ ಬರೆಯಬಹುದು. ಹಾಡಿದವರು, ರಾಗ ಹಾಕಿದವರು, ಬರೆದವರು, ಮೂವರಿಗೂ ಬೇರೆ ಬೇರೆ ಮನೆ ಇದೆ. ಅಂದರೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಜಾಗ ಖಾಲಿ ಇದೆ. ತುಂಬದೆ ಬಿಟ್ಟವರು ನಾವೇ.

ರಿಯಾದ್‌ನ ಅಂಗಡಿಯಲ್ಲಿದ್ದ ಕವಿ

ಬರೆದವರ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ 'ಮಾಣಿಕ್ಯ ಮಲರಾಯ ಪೂವಿ'. 2018ರಲ್ಲಿ ಒಂದು ಮಲಯಾಳಂ ಸಿನೆಮಾದ ಮೂಲಕ ಈ ಹಾಡು ದೇಶವಿಡೀ ಹರಡಿತು. ನಮ್ಮ ಮನೆಗಳಲ್ಲೂ ಸಣ್ಣ ಮಕ್ಕಳ ಬಾಯಲ್ಲಿ ಅದೇ. ಆದರೆ ಅದು ಸಿನೆಮಾಕ್ಕಾಗಿ ಬರೆದ ಹಾಡಲ್ಲ. 1978ರಲ್ಲಿ ಪಿ.ಎಂ.ಎ. ಜಬ್ಬಾರ್ ಬರೆದದ್ದು, ತಲಶ್ಶೇರಿ ರಫೀಕ್ ರಾಗ ಹಾಕಿ ಹಾಡಿದ್ದು. ಹಾಡು ಕೋಟಿಗಟ್ಟಲೆ ಮೊಬೈಲ್‌ಗಳಲ್ಲಿ ಓಡುತ್ತಿದ್ದಾಗ ಅದನ್ನು ಬರೆದ ಜಬ್ಬಾರ್ ಸಾಹೇಬರು ಸೌದಿಯ ರಿಯಾದ್‌ನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪತ್ರಿಕೆಗಳು ಹುಡುಕಿಕೊಂಡು ಹೋದ ಮೇಲೆ ಹೊರಗಿನ ಜನಕ್ಕೆ ಅವರ ಹೆಸರು ಗೊತ್ತಾಯಿತು.

ಆ ಹಾಡು ನಿಮ್ಮ ಮೊಬೈಲ್‌ನಲ್ಲಿ ಇದ್ದರೆ ಈಗಲೇ ತೆಗೆದು ನೋಡಿ. ವರ್ಷ 2018 ಎಂದಿರಬಹುದು, ಸಿನೆಮಾದ ಹೆಸರು ಇರಬಹುದು. 1978 ಎಲ್ಲಿದೆ? ಬರೆದವರ ಹೆಸರು ಎಲ್ಲಿದೆ? ಹಾಡು ಹೊಸ ಉಡುಪು ತೊಟ್ಟದ್ದು ಒಂದು ವರ್ಷ, ಹುಟ್ಟಿದ್ದು ಇನ್ನೊಂದು ವರ್ಷ. ಎರಡನ್ನೂ ಬರೆಯಲು ಜಾಗವಿದೆ. ಸಿನೆಮಾದ ವರ್ಷ ವರ್ಷದ ಮನೆಯಲ್ಲಿರಲಿ, ಮೂಲದ ಕಥೆ ಷರಾದಲ್ಲಿರಲಿ.

ಅಷ್ಟು ಹೆಸರಾದ ಹಾಡಿನ ಕಥೆಯೇ ಹೀಗಾದರೆ, ನಮ್ಮ ಕರಾವಳಿಯ ಯಾವುದೋ ಮೊಹಲ್ಲಾದಲ್ಲಿ ಬೀಡಿ ಕಟ್ಟುತ್ತಲೋ ಮೀನಿನ ಲೆಕ್ಕ ಬರೆಯುತ್ತಲೋ ಹಾಡು ಕಟ್ಟಿದವರ ಗತಿ ಏನು? ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಅದಕ್ಕಿಂತ ಹಿಂದೆ ಕ್ಯಾಸೆಟ್‌ಗೆ ಇಳಿದ ಎಷ್ಟೋ ಹಾಡು ಇಂದಿಗೂ ಮನೆಯ ಕಪಾಟಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲೇ ಇವೆ.

ನಾವು ಮಾಡಿದ ತಪ್ಪುಗಳು

ಸರಿಪಡಿಸುವ ಕೆಲಸಕ್ಕೆ ನಾವು ಬಳಸಿದ್ದು 'ಎಂಪಿ3ಟ್ಯಾಗ್' ಎಂಬ ತಂತ್ರಾಂಶ. ವಿಂಡೋಸ್ ಕಂಪ್ಯೂಟರಿಗೆ ಉಚಿತ. ಎಡಗಡೆ ಹಾಡಿನ ಹೆಸರು, ಹಾಡಿದವರು, ಆಲ್ಬಮ್, ವರ್ಷ ಎಂದು ಮನೆಗಳು ಕಾಣುತ್ತವೆ. 'ಬರೆದವರು' ಎಂಬ ಮನೆ ಅಲ್ಲಿ ನೇರವಾಗಿ ಕಾಣುವುದಿಲ್ಲ. ಆಲ್ಟ್ ಕೀಲಿಯ ಜೊತೆ ಟಿ ಒತ್ತಿದರೆ ದೊಡ್ಡ ಪಟ್ಟಿ ತೆರೆಯುತ್ತದೆ. ಅಲ್ಲಿ 'ಲಿರಿಸಿಸ್ಟ್' ಎಂದು ಸೇರಿಸಿ ಹೆಸರು ಬರೆಯಬೇಕು.

ಮೊದಲ ದಿನವೇ ನಾವು ಎಡವಿದೆವು. ನಲವತ್ತು ಹಾಡು ಒಟ್ಟಿಗೆ ಆರಿಸಿಕೊಂಡು, ಒಂದೇ ಹಾಡಿಗೆ ಅಂದುಕೊಂಡು ಹೆಸರು ಬರೆದು ಸೇವ್ ಕೊಟ್ಟೆವು. ನಲವತ್ತೂ ಹಾಡು ಒಬ್ಬರದೇ ಆಯಿತು! ಮುಂಚೆಯೇ ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ ಇಟ್ಟಿದ್ದರಿಂದ ಬಚಾವಾದೆವು. ಆದ್ದರಿಂದ ಓದುಗರೇ, ಮೊದಲು ಪ್ರತಿ ಮಾಡಿಟ್ಟುಕೊಳ್ಳಿ, ಆಮೇಲೆ ಕೈ ಹಾಕಿ.

ಎರಡನೇ ತೊಡಕು ಹೆಸರಿನ ಕಾಗುಣಿತ. ನಮ್ಮಲ್ಲಿ ಒಂದೇ ಹೆಸರನ್ನು ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಂದು ಮೂರು ಬಗೆಯಲ್ಲಿ ಬರೆಯುವುದು ರೂಢಿ. ನಮಗೆ ಅದು ಒಬ್ಬರೇ, ಯಂತ್ರಕ್ಕೆ ಮೂವರು. ಪೀರ್ ಮುಹಮ್ಮದ್ ಅವರ ಹಾಡುಗಳು ನಮ್ಮ ಪೆನ್‌ಡ್ರೈವ್‌ನಲ್ಲಿ ಐದು ಕಡೆ ಹಂಚಿಹೋಗಿದ್ದವು. ವಿ.ಎಂ. ಕುಟ್ಟಿಯವರದ್ದು ಚುಕ್ಕಿ ಹಾಕಿದ್ದು, ಹಾಕದ್ದು, ನಡುವೆ ಜಾಗ ಬಿಟ್ಟದ್ದು ಎಂದು ನಾಲ್ಕು ಕಡೆ. ಇದಕ್ಕೆ ಮದ್ದು ಒಂದೇ: ಒಂದು ಪುಸ್ತಕದಲ್ಲಿ ಹೆಸರುಗಳ ಪಟ್ಟಿ ಮಾಡಿ, ಬರೆಯುವ ರೀತಿ ಗೊತ್ತು ಮಾಡಿಕೊಂಡು, ಎಲ್ಲ ಕಡೆ ಅದನ್ನೇ ಬರೆಯುವುದು. ನಮ್ಮ ಮದ್ರಸದ ಹಾಜರಿ ಪುಸ್ತಕಕ್ಕೂ ಇದೇ ನಿಯಮ ಅಲ್ಲವೇ?

ಮೂರನೆಯದು ತಾರೀಕಿನ ಮೋಸ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಾಡಿನ ಫೈಲಿಗೆ ತಾರೀಕು ಸೇರಿದ ಉದ್ದನೆಯ ಹೆಸರಿರುತ್ತದೆ. ಅದು ಹಾಡಿದ ದಿನವಲ್ಲ, ನಮ್ಮ ಮೊಬೈಲ್‌ಗೆ ಬಂದ ದಿನ. 2019 ಎಂದು ಕಂಡರೆ ಹಾಡು 2019ರದ್ದು ಎಂದು ಬರೆದುಬಿಡಬಾರದು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡ ತಪ್ಪು. ದನಿ ಕೇಳಿ "ಇದು ಇಂಥವರದ್ದೇ ಇರಬೇಕು" ಎಂದು ಹೆಸರಾದ ಗಾಯಕರೊಬ್ಬರ ಹೆಸರನ್ನು ನಾವು ಒಂದು ಹಾಡಿಗೆ ಅಂಟಿಸಿದೆವು. ಸಂಬಂಧಿಕರಿಗೆ ಕಳಿಸಿದೆವು. ಆರು ತಿಂಗಳ ಮೇಲೆ ಅದೇ ಹಾಡು, ಅದೇ ಹೆಸರಿನೊಂದಿಗೆ ಬೇರೆ ಊರಿನ ಗುಂಪಿನಿಂದ ನಮಗೇ ವಾಪಸ್ ಬಂತು. "ನೋಡಿ ಉಸ್ತಾದ್, ಇವರದ್ದೇ ಅಂತ ಬರೆದಿದೆ" ಅಂತ ಒಬ್ಬರು ನಮಗೇ ಸಾಕ್ಷಿ ಹೇಳಿದರು! ನಮ್ಮ ಊಹೆ ಅಷ್ಟರಲ್ಲಿ ದಾಖಲೆಯಾಗಿತ್ತು. ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸುವ ನಾವೇ ಇಲ್ಲಿ ಕೇಳದೆ ಹೋದೆವು. ಖಾಲಿ ಚೀಟಿ ಕಂಡರೆ ಯಾರಾದರೂ ಕೇಳಿಯಾರು. ತಪ್ಪು ಚೀಟಿ ಕಂಡರೆ ಯಾರೂ ಕೇಳುವುದಿಲ್ಲ.

ಹಾಡಿನ ದನಿ ಗುರುತಿಸಿ ತಾನೇ ಹೆಸರು ತುಂಬುವ 'ಪಿಕಾರ್ಡ್'ನಂಥ ತಂತ್ರಾಂಶಗಳೂ ಇವೆ. ಅವು ತಮ್ಮ ಭಂಡಾರದಲ್ಲಿ ಇರುವುದರ ಜೊತೆ ಮಾತ್ರ ಹೋಲಿಸಿ ನೋಡುತ್ತವೆ. ಮನೆಯ ಕ್ಯಾಸೆಟ್‌ನ ಹಾಡು ಆ ಭಂಡಾರದಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ನಮ್ಮ ಹಿರಿಯರ ನೆನಪೇ ಭಂಡಾರ.

ಮೂತಮ್ಮ ಹೇಳಿದ್ದು

ನಮ್ಮ ಮಾವ ಗಲ್ಫ್‌ನಿಂದ ತಂದ ಟೇಪ್ ರೆಕಾರ್ಡರ್‌ನಲ್ಲಿ ಮನೆಯ ಮದುವೆಯೊಂದರ ಹಾಡು ತುಂಬಿಸಿದ ಕ್ಯಾಸೆಟ್ ಇತ್ತು. ಅಂಗಡಿಯವರು ಅದರ ಒಂದೊಂದು ಬದಿಯನ್ನು ಅರ್ಧ ಗಂಟೆಯ ಒಂದೇ ಫೈಲು ಮಾಡಿ ಕೊಟ್ಟಿದ್ದರು. ಹೆಂಗಸರ ಕೈಚಪ್ಪಾಳೆ, ನಗು, ಯಾವುದೋ ಮಗುವಿನ ಅಳು, ನಡುವೆ ಹಾಡು. ಆ ವಿದ್ಯಾರ್ಥಿ 'ಅಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಕತ್ತರಿಸಿ ಒಂಬತ್ತು ಹಾಡು ಮಾಡಿದ. ಆದರೆ ಹಾಡುತ್ತಿರುವವರು ಯಾರು?

ಉಮ್ಮನ ಅಕ್ಕ, ನಮ್ಮ ಮೂತಮ್ಮ, ಎಂಬತ್ತು ದಾಟಿದವರು. ಅವರ ಹಾಸಿಗೆಯ ಪಕ್ಕ ಕೂತು ಒಂದೊಂದೇ ಹಾಡು ಕೇಳಿಸಿದೆವು. ಮೊದಲನೆಯದಕ್ಕೇ ಕಣ್ಣು ಮುಚ್ಚಿಕೊಂಡರು. "ಇದು ನಿನ್ನ ಉಮ್ಮಮ್ಮ, ಮೋನೆ. ಶೀತ ಆಗಿತ್ತು ಆ ದಿನ, ದನಿ ಕೇಳು" ಅಂದರು. ಎರಡನೆಯ ದನಿ ಪಕ್ಕದ ಮನೆಯಾಕೆಯದ್ದು. ಊರಿನ ಯಾವ ಮದುವೆಯಲ್ಲೂ ಮೊದಲ ಸಾಲು ಎತ್ತಿಕೊಡುತ್ತಿದ್ದವರು ಅವರೇ ಅಂತೆ. ನಾವು ಹುಟ್ಟುವ ಮೊದಲೇ ತೀರಿಹೋದವರು. ಅವರ ಹೆಸರನ್ನು ನಾವು ಅಂದೇ ಮೊದಲು ಕೇಳಿದ್ದು. ಒಂಬತ್ತರಲ್ಲಿ ಏಳಕ್ಕೆ ಹೆಸರು ಸಿಕ್ಕಿತು. ಎರಡನ್ನು ಮತ್ತೆ ಮತ್ತೆ ಕೇಳಿ, "ನೆನಪಾಗುದಿಲ್ಲ ಮೋನೆ, ಸುಮ್ನೆ ಒಂದು ಹೆಸರು ಹೇಳಬಾರದಲ್ಲ" ಅಂದರು. ನಾವು ಮಾಡಿದ ದೊಡ್ಡ ತಪ್ಪನ್ನು ಓದು ಬಾರದ ಮೂತಮ್ಮ ಮಾಡಲಿಲ್ಲ.

ಆ ಎರಡು ಹಾಡುಗಳ ಎದುರು 'ಗೊತ್ತಿಲ್ಲ' ಎಂದೇ ಬರೆದಿದ್ದೇವೆ. ಉಳಿದ ಏಳರ ಷರಾದಲ್ಲಿ ದನಿ ಗುರುತಿಸಿದವರು ಮೂತಮ್ಮ ಎಂದೂ, ಯಾವ ವರ್ಷ ಗುರುತಿಸಿದರು ಎಂದೂ ಬರೆದಿದ್ದೇವೆ. ಬಗೆಯ ಮನೆಯಲ್ಲಿ 'ಬ್ಲೂಸ್' ಅಳಿಸಿ 'ಬ್ಯಾರಿ ಮದುವೆ ಹಾಡು' ಎಂದು ಕನ್ನಡದಲ್ಲೇ ಬರೆದೆವು. ನಮ್ಮ ಬ್ಯಾರಿ ಹಾಡನ್ನು ಮಲಯಾಳಂ ಎಂದೋ ತುಳು ಎಂದೋ ಯಾರೋ ಗುರುತು ಹಾಕುವ ಮೊದಲು ನಾವೇ ಹಾಕುವುದು ಒಳ್ಳೆಯದು.

ಕೊನೆಗೆ ಆ ಹಿರಿಯರ ಮನೆಗೂ ಹೋದೆವು. ತಪ್ಪಾಯಿತು ಎಂದು ಹೇಳಿದೆವು. ಅವರು ಒಳಗಿನಿಂದ ಬಾಪನ ಹಳೆಯ ಲೆಕ್ಕದ ಪುಸ್ತಕ ತಂದರು. ಮುಂದಿನ ಪುಟಗಳಲ್ಲಿ ಅಂಗಡಿಯ ಸಾಲದ ಲೆಕ್ಕ, ಹಿಂದಿನ ಪುಟಗಳಲ್ಲಿ ಹಾಡು. ನಮ್ಮ ಪೆನ್‌ಡ್ರೈವ್‌ನಲ್ಲಿದ್ದ ಮೂರು ಹಾಡು ಅದರಲ್ಲಿದ್ದವು, ಮೂರೂ ಹಾಡಿದವರ ಹೆಸರಿನಲ್ಲಿ ಓಡಾಡುತ್ತಿದ್ದವು. ಸರಿ ಮಾಡಿ ಮುಂದಿನ ವಾರ ಅವರ ಮೊಮ್ಮಗಳ ಮೊಬೈಲ್‌ಗೆ ಹಾಕಿಕೊಟ್ಟೆವು. ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. "ಏನು ಬರೆದಿದೆ, ಓದಿ ಹೇಳು" ಅಂದರು. ಅವಳು ಓದಿದಳು. ಇನ್ನೊಮ್ಮೆ ಓದಿಸಿದರು.

ಓದುಗರಲ್ಲಿ ನಮ್ಮದೊಂದು ಮಾತು. ಸಾವಿರ ಹಾಡು ಸರಿ ಮಾಡಲು ಯಾರಿಗೂ ಪುರುಸೊತ್ತಿಲ್ಲ, ನಮ್ಮದೂ ಇನ್ನೂ ಮುಗಿದಿಲ್ಲ. ಸಿನೆಮಾ ಹಾಡನ್ನು ಬಿಡಿ, ಅದರ ಹೆಸರು ಎಲ್ಲಿಯಾದರೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಮಾತ್ರ ಇರುವ ಆ ಒಂದು ಕ್ಯಾಸೆಟ್ ಹುಡುಕಿ. ಈ ಶುಕ್ರವಾರ ಜುಮಾ ಮುಗಿದು ಊಟವಾದ ಮೇಲೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿಸಿ. ಕಂಪ್ಯೂಟರ್ ಇಲ್ಲದಿದ್ದರೆ ಒಂದು ಕಾಗದದಲ್ಲಿ ಬರೆದಿಡಿ, ಟ್ಯಾಗ್ ಆಮೇಲೆ ಮಕ್ಕಳು ಹಾಕುತ್ತಾರೆ. ನಮ್ಮ ಮೂತಮ್ಮನಿಗೆ ಈಗ ಕಿವಿ ಮಂದವಾಗುತ್ತಿದೆ. ಆ ಎರಡು ಹಾಡಿನ ದನಿ ಗುರುತಿಸುವವರು ಬೇರೆ ಯಾರಿದ್ದಾರೆ ಅಂತ ನಾವು ಇನ್ನೂ ಕೇಳುತ್ತಲೇ ಇದ್ದೇವೆ.