ಚಕ್ಕುಬಂದಿಯ ಆಚೆಗಿನ ಹಳ್ಳಿ

ಕ್ರಯಪತ್ರದ ಷೆಡ್ಯೂಲಿನಲ್ಲಿ ಚಕ್ಕುಬಂದಿ ಎಂದೊಂದು ಭಾಗ ಇರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಕೆರೆ, ದಕ್ಷಿಣಕ್ಕೆ ಗೋಮಾಳ. ನಗರದ ಗದ್ದಲ ಸಾಕಾಗಿ ಹಳ್ಳಿಯ ಕಡೆ ಮನೆ ಹುಡುಕುವವರು ಹಣ ಸುರಿಯುವುದು ನಿಜಕ್ಕೂ ಈ ನಾಲ್ಕು ಗೆರೆಗಳ ಆಚೆ ಇರುವುದಕ್ಕೆ: ಕೆರೆಯ ಮೇಲಿಂದ ಬರುವ ಗಾಳಿ, ಪಕ್ಕದ ಹೊಲದ ಹಸಿರು, ರಾತ್ರಿಯ ಮೌನ. ಆದರೆ ಕೊಂಡವರ ಕೈಗೆ ಬರುವುದು ಗೆರೆಯ ಒಳಗಿನ ಮಣ್ಣು ಮಾತ್ರ. ಹಳ್ಳಿಮನೆಯ ಆಸೆ ತಪ್ಪಲ್ಲ. ಬೆಲೆ ಕೊಟ್ಟದ್ದು ಯಾವುದಕ್ಕೆ, ಕೈಗೆ ಬಂದದ್ದು ಯಾವುದು ಎಂಬ ಲೆಕ್ಕ ಹಾಕದೆ ಕೊಳ್ಳುವುದು ತಪ್ಪು. ಈ ಮಾತಿಗೆ ಸಾಕ್ಷಿ ಚೆನ್ನೈನ ರಾಯಪುರಂನಿಂದ ಬೆಂಗಳೂರಿಗೆ ಬರುವ ಹಳೆಯ ರೈಲುಹಾದಿಯ ಎರಡೂ ತುದಿಗಳಲ್ಲಿ ಸಿಗುತ್ತದೆ.

ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಹೊರಟದ್ದು ರಾಯಪುರಂನಿಂದ, ವಾಲಾಜಾ ರೋಡಿಗೆ. ಆ ನಿಲ್ದಾಣದ ಕಂಬಸಾಲಿನ ಕಟ್ಟಡ ಇಂದಿಗೂ ನಿಂತಿದೆ. ಆಗಿನ ರಾಯಪುರಂ ಮದ್ರಾಸಿನ ಕೋಟೆಯ ಉತ್ತರಕ್ಕೆ ಕಡಲಿಗೆ ಅಂಟಿಕೊಂಡಿದ್ದ ಊರು. ಬೆಸ್ತರ ಕೇರಿಗಳು, ಮರಳ ದಂಡೆ. 1870ರ ದಶಕದಲ್ಲಿ ಅದರ ದಕ್ಷಿಣಕ್ಕೆ ಮದ್ರಾಸ್ ಬಂದರಿನ ಕೆಲಸ ಶುರುವಾಯಿತು. ಈ ಕರಾವಳಿಯಲ್ಲಿ ಅಲೆಗಳು ವರ್ಷದ ಹೆಚ್ಚು ಕಾಲ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತವೆ. ಬಂದರಿನ ಗೋಡೆ ಆ ಮರಳನ್ನು ತಡೆದು ನಿಲ್ಲಿಸಿತು. ತೆಂಕಣ ಬದಿಯಲ್ಲಿ ಮರಳು ಶೇಖರವಾಗಿ ಮರೀನಾ ಕಡಲತೀರ ಅಗಲವಾಯಿತು. ಬಡಗಣ ಬದಿಯ ರಾಯಪುರಂಗೆ ಮರಳು ಬರುವುದು ನಿಂತು, ಕಡಲು ದಂಡೆಯನ್ನೇ ತಿನ್ನತೊಡಗಿತು. ಇಂದು ಅಲ್ಲಿ ದಂಡೆಯ ಜಾಗದಲ್ಲಿ ಕಾಣುವುದು ಅಲೆ ತಡೆಯಲು ಸುರಿದ ಬಂಡೆಗಳ ಸಾಲು. ಕಡಲ ಪಕ್ಕದಲ್ಲಿ ಮನೆ ಮಾಡಿದ್ದವರ ಪತ್ರಗಳಲ್ಲಿ ಯಾವ ದೋಷವೂ ಇರಬೇಕಾಗಿರಲಿಲ್ಲ. ಅವರ ದಂಡೆಯ ಹಣೆಬರಹ ನಿರ್ಧಾರವಾದದ್ದು ಬೇರೆಲ್ಲೋ, ಬೇರೆ ಉದ್ದೇಶಕ್ಕಾಗಿ.

1864ರಲ್ಲಿ ಈ ರೈಲು ಬೆಂಗಳೂರು ಮುಟ್ಟಿತು. ರೈಲ್ವೆಯ ಕೆಲಸಕ್ಕೆ ಆಂಗ್ಲೋ ಇಂಡಿಯನ್ನರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಗುಮಾಸ್ತಿಕೆ ಮತ್ತು ರೈಲ್ವೆಯನ್ನೇ ನಂಬಿದ್ದ ಈ ಸಮುದಾಯಕ್ಕೆ ಸ್ವಂತ ನೆಲ ಬೇಕೆಂದು ಮದ್ರಾಸಿನ ಡಿ. ಎಸ್. ವೈಟ್ ಓಡಾಡಿದರು. 1882ರಲ್ಲಿ ಚಾಮರಾಜ ಒಡೆಯರ ಸರ್ಕಾರ ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಕೊಟ್ಟಿತು; ಹಾಗೆ ಹುಟ್ಟಿದ್ದು ವೈಟ್‌ಫೀಲ್ಡ್. ಅದು ಬೇಕೆಂದೇ ಇಂಗ್ಲಿಷ್ ಹಳ್ಳಿಯ ಮಾದರಿಯಲ್ಲಿ ಕಟ್ಟಿದ ಊರು: ನಡುವೆ ಸಾರ್ವಜನಿಕ ಹಸಿರುಬಯಲು, ಸುತ್ತ ವೃತ್ತಾಕಾರದ ರಸ್ತೆ, ಹೆಂಚಿನ ಮನೆಗಳು, ಹಿತ್ತಿಲಲ್ಲಿ ಹಣ್ಣಿನ ಮರ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ರಸ್ತೆ ಹೆಸರುಗಳು ಉಳಿದಿರುವುದು ಆ ನಕ್ಷೆಯಿಂದಲೇ. ನೂರು ವರ್ಷಕ್ಕೂ ಮಿಕ್ಕಿ ಊರು ಸದ್ದಿಲ್ಲದೆ ಬದುಕಿತು. ಆದರೆ ಅದನ್ನು ಕಾಯ್ದದ್ದು ಕಾನೂನಲ್ಲ, ದೂರ. ಬೆಂಗಳೂರಿಗೆ ಅದರ ಜಮೀನು ಬೇಕಾಗಿರಲಿಲ್ಲ, ಅಷ್ಟೆ. 1990ರ ದಶಕದ ಕೊನೆಗೆ ಐಟಿ ಪಾರ್ಕ್ ತೆರೆಯಿತು, 2007ರಲ್ಲಿ ಊರು ಬೃಹತ್ ಬೆಂಗಳೂರಿಗೆ ಸೇರಿತು, 2023ರ ಮಾರ್ಚಿನಲ್ಲಿ ಮೆಟ್ರೊ ಬಂತು. ಹತ್ತಿರದ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು, ಕೊಳವೆಬಾವಿಗಳು ಬತ್ತಿ ಟ್ಯಾಂಕರು ನಿತ್ಯದ ಮಾತಾಯಿತು. ಇದರಲ್ಲಿ ಯಾವೊಂದೂ ಹಳೆಯ ಮನೆಯವರ ಚಕ್ಕುಬಂದಿಯೊಳಗೆ ನಡೆದದ್ದಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ನಗರದವನಿಗೆ ನೋಡಲು ಹಸಿರು ಬೇಕೆಂದು ರೈತ ತನ್ನ ಹೊಲ ಮಾರದೆ ಕೂರಬೇಕೆ? ಐಟಿ ಪಾರ್ಕ್ ಸಾವಿರಾರು ಜನರಿಗೆ ಅನ್ನ ಕೊಟ್ಟಿಲ್ಲವೆ? ಕೊಟ್ಟಿದೆ. ರೈತನನ್ನು ಚಿತ್ರದ ಚೌಕಟ್ಟಿನಲ್ಲಿ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಹಳ್ಳಿಯನ್ನು ಹಳ್ಳಿಯಾಗಿಸುವುದು ರೈತನ ಖಾಸಗಿ ಹೊಲಕ್ಕಿಂತ ಮೊದಲು ಯಾರೊಬ್ಬರದೂ ಅಲ್ಲದ ನೆಲ: ಕೆರೆ, ಗೋಮಾಳ, ಗುಂಡುತೋಪು, ರಾಜಕಾಲುವೆ, ತಮಿಳುನಾಡಿನಲ್ಲಾದರೆ ಪೊರಂಬೋಕು. ಇವನ್ನು ಮಾರುವ ಅಧಿಕಾರ ಯಾವ ರೈತನಿಗೂ ಇಲ್ಲ. ಇವು ಒತ್ತುವರಿಯಾದರೆ ರೈತನಿಗೆ ಚಿಕ್ಕಾಸೂ ಸಿಗದು. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಳ್ಳಿಗಳ ಸಾಮುದಾಯಿಕ ನೆಲದ ಒತ್ತುವರಿ ತೆರವು ಮಾಡಿ ಊರಿಗೆ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಹೇಳಿತು. ರೈತನ ಸ್ವಾತಂತ್ರ್ಯ, ಕೆರೆಯ ರಕ್ಷಣೆ ಎರಡೂ ಒಟ್ಟಿಗೆ ಸಾಧ್ಯ.

ವೈಟ್‌ಫೀಲ್ಡ್‌ಗೆ ಮಾದರಿಯಾದ ಹಳ್ಳಿ ಇಂಗ್ಲೆಂಡಿನಲ್ಲಿ ಉಳಿದದ್ದೂ ತಾನಾಗಿ ಅಲ್ಲ. 1947ರ ಯೋಜನಾ ಕಾಯ್ದೆಯ ನಂತರ ಅಲ್ಲಿ ಸ್ವಂತ ಜಮೀನಿನಲ್ಲಿ ಮನೆ ಕಟ್ಟಲೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ನಗರಗಳ ಸುತ್ತ ಹಸಿರು ಪಟ್ಟಿಗಳಿವೆ. 20 ವರ್ಷ ಊರವರು ಯಾರ ಅಪ್ಪಣೆಯೂ ಇಲ್ಲದೆ ಆಟಕ್ಕೆ, ಓಡಾಟಕ್ಕೆ ಹಕ್ಕಿನಿಂದೆಂಬಂತೆ ಬಳಸಿದ ಬಯಲನ್ನು ಹಳ್ಳಿಯ ಹಸಿರುಬಯಲೆಂದು ನೋಂದಾಯಿಸಲು ಕಾನೂನಿನಲ್ಲಿ ಅವಕಾಶವಿದೆ. ಇದಕ್ಕೆ ಬೆಲೆಯೂ ಇದೆ: ಹೊಸ ಮನೆಗಳು ಕಡಿಮೆ, ಇರುವ ಮನೆಗಳು ದುಬಾರಿ, ಅಲ್ಲೇ ಹುಟ್ಟಿ ಬೆಳೆದ ಯುವಕರು ಅಲ್ಲಿ ಮನೆ ಕೊಳ್ಳಲಾರರು. ಹಾಗಾಗಿ ಅವರ ಕಾಯ್ದೆಯನ್ನು ಹಾಗೇ ತರಬೇಕೆಂದು ನಾನು ಹೇಳುವುದಿಲ್ಲ. ಕಲಿಯಬೇಕಾದದ್ದು ಬೇರೆ. ಅಲ್ಲಿ ಮನೆ ಕೊಳ್ಳುವವರ ವಕೀಲರು ಸ್ಥಳೀಯ ಆಡಳಿತದಿಂದ ತರಿಸುವ ಸಾಮಾನ್ಯ ತಪಾಸಣಾ ವರದಿ ಕೂಡ ಮುಖ್ಯವಾಗಿ ಆ ಮನೆಗೆ ಸಂಬಂಧಿಸಿದ್ದು. ಪಕ್ಕದ ಹೊಲದಲ್ಲಿ ಏನು ಬರಲಿದೆ ಎಂದು ತಿಳಿಯಲು ಬೇರೆಯೇ ಹುಡುಕಬೇಕು. ಅಷ್ಟೊಂದು ಕಾನೂನಿರುವ ದೇಶದಲ್ಲೇ ಹೀಗಾದರೆ, ನಾವು ಇನ್ನೆಷ್ಟು ಕಣ್ಣು ತೆರೆದಿರಬೇಕು.

ಬೆಲೆ ಏರಿತಲ್ಲ, ನಷ್ಟವೇನು ಎನ್ನುವವರಿದ್ದಾರೆ. ಮಾರಿ ಹೋಗುವವನಿಗೆ ಅದು ಲಾಭವೇ. ಬಾಳಲು ಕೊಂಡವನಿಗೆ ಅಲ್ಲ. ಅವನ ಸೈಟಿನ ಬೆಲೆ ಏರುವುದೇ ಹಳ್ಳಿ ಕರಗುತ್ತಿರುವುದರ ಗುರುತು. ನಗರದ ಗಡಿಯೂ ಹಿಗ್ಗುತ್ತಲೇ ಇರುತ್ತದೆ: 2022ರಲ್ಲಿ ಚೆನ್ನೈ ಮಹಾನಗರ ಪ್ರದೇಶ 1,189 ಚದರ ಕಿಲೋಮೀಟರಿನಿಂದ 5,904ಕ್ಕೆ ಹಿಗ್ಗಿತು. ರಾಯಪುರಂನ ಇಕ್ಕಟ್ಟಿನಿಂದ ಹೊರಬಂದು ತಿರುವಳ್ಳೂರಿನ ಕಡೆ ಮನೆ ನೋಡುವವರಿಗೂ, ಬೆಂಗಳೂರಿನಿಂದ ಹೊಸಕೋಟೆ, ದೇವನಹಳ್ಳಿಗಳತ್ತ ಹೊರಟವರಿಗೂ ಇದು ತಿಳಿದಿರಲಿ. ಪಟ್ಟಾ, ಪಹಣಿ, ಖಾತೆ, ಋಣಭಾರ ಪತ್ರ ನೋಡುವುದು ಹೇಗೂ ಇದ್ದದ್ದೇ. ಅದರ ಜೊತೆಗೆ ಗ್ರಾಮನಕ್ಷೆ ತರಿಸಿ, ಕೆರೆ, ಕಾಲುವೆ, ಗೋಮಾಳಗಳ ಗೆರೆಗಳನ್ನು ನೆಲದ ಮೇಲೆ ನಡೆದು ನೋಡಿ. ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸೈಟಿನ ಬಣ್ಣವನ್ನಷ್ಟೇ ಅಲ್ಲ, ಸುತ್ತಲಿನ ಬಣ್ಣವನ್ನೂ ನೋಡಿ. ಮನೆ ಕೊಂಡ ಮೇಲೆ ಗ್ರಾಮಸಭೆಗೆ ಹೋಗಿ; ಕೆರೆಯ ಮಾತು ಬಂದಾಗ ದನಿ ಎತ್ತಿ.