ಅಂಚಿನಲ್ಲಿ ಹುಟ್ಟುವ ನಕ್ಷತ್ರಗಳು

ಊರು ಬೆಳೆಯುವುದು ಅಂಚಿನಲ್ಲಿ. ನಮ್ಮಲ್ಲಿ ಅನೇಕರು ಸಂಸಾರ ಹೂಡಿರುವ ತ್ಯಾಗರಾಯನಗರವೂ 1920ರ ದಶಕಕ್ಕೆ ಮೊದಲು ಮದರಾಸಿನ ಹೊರವಲಯವೇ ಆಗಿತ್ತು. ಆಕಾಶದಲ್ಲಿಯೂ ಹೀಗೆ ನಡೆಯುವುದುಂಟೆ? ಉಂಟೆಂದು ನಮ್ಮ ದೇಶದ ದೂರದರ್ಶಕವೊಂದು ತೋರಿಸಿಕೊಟ್ಟಿದೆ.

ಕೋಟಿ ಕೋಟಿ ನಕ್ಷತ್ರಗಳೂ ಅನಿಲವೂ ಧೂಳೂ ಕೂಡಿ ಬಾಳುವ ಮಹಾಸಂಸಾರಕ್ಕೆ ಗೆಲಾಕ್ಸಿ ಎಂದು ಹೆಸರು. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಕುಬ್ಜ ಗೆಲಾಕ್ಸಿಗಳಲ್ಲಿ ಇದರ ಸಣ್ಣದೊಂದು ಪಾಲು ಮಾತ್ರ. ಚಿಕ್ಕವು ಕೂಡಿಕೊಂಡೇ ದೊಡ್ಡವು ಬೆಳೆದವೆಂದು ವಿಜ್ಞಾನಿಗಳು ಹೇಳುವುದರಿಂದ, ಕುಬ್ಜಗಳ ಬಾಳನ್ನು ಅರಿಯುವುದೆಂದರೆ ನಮ್ಮ ಮನೆತನದ ಚರಿತ್ರೆಯನ್ನು ಅರಿಯುವುದೇ ಸರಿ.

ತಣ್ಣನೆಯ ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿದಾಗ ನಕ್ಷತ್ರ ಹುಟ್ಟುತ್ತದೆ. ಅನಿಲ ದಟ್ಟವಾಗಿರುವ ನಡುಭಾಗದಲ್ಲಿ ಇದು ಸುಲಭ, ತೆಳುವಾದ ಅಂಚಿನಲ್ಲಿ ಕಷ್ಟ. ಹಾಗಿದ್ದೂ ಅಂಚಿನಲ್ಲಿ ಹುಟ್ಟಿದ್ದರೆ ಕಾಣುವ ಬಗೆ ಹೇಗೆ? ಎಳೆಯ, ಭಾರಿಯಾದ ನಕ್ಷತ್ರಗಳು ಬಲು ಬಿಸಿ. ಅವು ಅತಿನೇರಳೆ ಬೆಳಕನ್ನು ಧಾರಾಳವಾಗಿ ಚೆಲ್ಲಿ ಬೇಗನೆ ಉರಿದು ಮುಗಿಯುತ್ತವೆ. ಆದ್ದರಿಂದ ಆ ಬೆಳಕು ಕಂಡ ಕಡೆ ಹುಟ್ಟು ಹೊಸದೆಂದು ತಿಳಿಯಬೇಕು. ಆದರೆ ವಾಯುಮಂಡಲವು ಆ ಬೆಳಕನ್ನು ತಡೆದುಬಿಡುತ್ತದೆ. ನೋಡುವ ಕಣ್ಣು ಗಾಳಿಯ ಮೇಲಕ್ಕೇ ಹೋಗಬೇಕು.

2015ರ ಸೆಪ್ಟೆಂಬರ್ 28ರಂದು ಅಂಥ ಕಣ್ಣೊಂದು ಹೋಯಿತು. ಚೆನ್ನೈಗೆ ಉತ್ತರದಲ್ಲಿರುವ ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವು ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತತೊಡಗಿತು. ಅದರ ಅತಿನೇರಳೆ ದೂರದರ್ಶಕ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ. ಅದು ಜೋಡಿ ದೂರದರ್ಶಕ; ಒಂದೊಂದರ ಮುಖ್ಯ ಕನ್ನಡಿಯ ಅಗಲ ಸುಮಾರು 37.5 ಸೆಂಟಿಮೀಟರ್, ಮನೆಯ ಹರಿವಾಣದಷ್ಟು!

ಈ ಪುಟ್ಟ ಕಣ್ಣಿಗೆ 130ರಿಂದ 280 ಕೋಟಿ ಜ್ಯೋತಿರ್ವರ್ಷ ದೂರದ ನೀಲಿ ಕುಬ್ಜ ಗೆಲಾಕ್ಸಿಗಳು ಸಿಕ್ಕಿದವು. ಸಾಮಾನ್ಯ ಬೆಳಕಿನಲ್ಲಿ ಕಾಣುವ ಎಲ್ಲೆಯನ್ನೂ ಮೀರಿ ಅವುಗಳ ಹೊರ ಅಂಚಿನಲ್ಲಿ ಅತಿನೇರಳೆ ಬೆಳಕು ಹರಡಿತ್ತು. ತೇಜಪುರದ ಅಂಶುಮಾನ್ ಬೊರ್ಗೊಹೈನ್, ಪುಣೆಯ ಕನಕ ಸಾಹಾ ಮತ್ತು ಸಂಗಡಿಗರು 2022ರ ಜುಲೈಯಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಆ ಬೆಳಕು ಹೊರಟದ್ದು ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ. ನಾವು ಕಾಣುವುದು ಅಂದಿನ ತೊಟ್ಟಿಲನ್ನು.

ಊರಿಗೂ ಗೆಲಾಕ್ಸಿಗೂ ಒಂದು ಭೇದವುಂಟು. ಅಂಚಿನಲ್ಲಿ ಕಟ್ಟಿದ ಮನೆ ಕಟ್ಟಿದಲ್ಲೇ ನಿಲ್ಲುತ್ತದೆ. ಅಂಚಿನ ಈ ನಕ್ಷತ್ರಗುಂಪುಗಳಾದರೋ ಕಾಲಕ್ರಮದಲ್ಲಿ ಮೆಲ್ಲಮೆಲ್ಲನೆ ನಡುವಿಗೆ ಸರಿಯುತ್ತವೆಂದು ಸಂಶೋಧಕರ ಲೆಕ್ಕಾಚಾರ. ಹೊರಗಿನಿಂದ ಬಂದ ಅನಿಲ ಅಂಚಿಗೆ ಸೇರುತ್ತದೆ, ಅಲ್ಲಿ ನಕ್ಷತ್ರವಾಗುತ್ತದೆ, ಕಡೆಗೆ ಒಳಗಿನದೇ ಆಗಿ ಗೆಲಾಕ್ಸಿಯನ್ನು ಬೆಳೆಸುತ್ತದೆ. ಬೇರೆ ನಾಡಿಗೆ ಬಂದು ನೆಲೆಸಿದ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ನಂಟನ್ನು ಮಕ್ಕಳಿಗೆ ಹೇಳಲೇಬೇಕು. ಬೆಂಗಳೂರಿನ ಆ ಸಂಸ್ಥೆಯ ಬೇರು ಇರುವುದು ಈ ಊರಿನಲ್ಲೇ. 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿದ ಮದರಾಸು ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕಾನಲ್‌ಗೆ ಹೋಯಿತು. ಅದೇ ಪರಂಪರೆ ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿತು. ಹಳೆಯ ದೂರದರ್ಶಕವನ್ನು ಹೊತ್ತಿದ್ದ ಕಲ್ಲುಕಂಬ ಕಾಲೇಜು ರಸ್ತೆಯ ಹವಾಮಾನ ಕೇಂದ್ರದ ಆವರಣದಲ್ಲಿ ಇಂದಿಗೂ ಇದೆ.