ಅಂಗಳದ ಮಲ್ಲಿಗೆ, ತಾಯಿಯ ಲೆಕ್ಕ



ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಶಂಕರಪುರ, ಶಿರ್ವ, ಬಂಟಕಲ್ಲು ಕಡೆಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿರಿ. ಮನೆಯಂಗಳದ ಮಲ್ಲಿಗೆ ಗಿಡಗಳ ನಡುವೆ ತಾಯಿಯೊಬ್ಬಳು ಬಗ್ಗಿ ಮೊಗ್ಗು ಕೊಯ್ಯುತ್ತಿರುತ್ತಾಳೆ. ಇಲ್ಲಿನ ಬೆಳೆಗಾರರಲ್ಲಿ ಕ್ರೈಸ್ತ ಕುಟುಂಬಗಳವರು ಬಹಳ ಮಂದಿ. ಮನೆಯೊಳಗೆ ಏಸುವಿನ ಪಟ. ಅಂಗಳದ ಹೂವು ಮಾತ್ರ ದೇವಸ್ಥಾನಕ್ಕೆ, ಭೂತಕೋಲಕ್ಕೆ, ನಾಗಾರಾಧನೆಗೆ, ಎಲ್ಲ ಜಾತಿಯವರ ಮದುವೆಗೆ ಹೋಗುತ್ತದೆ. ಮುಂಬಯಿಗೂ ಹೋಗುತ್ತದೆ. 2007-08ರ ಸಾಲಿನಲ್ಲಿ ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮಕ್ಕಳನ್ನು ಬಿಟ್ಟು ಹೊರಗೆ ದುಡಿಯಲು ಹೋಗಲಾರದ ತಾಯಿಗೆ ಇದಕ್ಕಿಂತ ಒಳ್ಳೆಯ ಉಪಕಸುಬು ಕರಾವಳಿಯಲ್ಲಿ ಹೆಚ್ಚಿಲ್ಲ. ಆದರೆ ಈ ಕಸುಬಿನಲ್ಲಿ ಅನೇಕರು ಸೋಲುವುದು ಗಿಡದ ವಿಷಯದಲ್ಲಲ್ಲ, ಲೆಕ್ಕದ ವಿಷಯದಲ್ಲಿ. ಆದ್ದರಿಂದ ಗಿಡದ ಮಾತನ್ನು ಬೇಗ ಮುಗಿಸಿ ಲೆಕ್ಕಕ್ಕೆ ಬರುತ್ತೇನೆ.

ಬೇರು ಬಂದ ಕಡ್ಡಿಗಳನ್ನು ಮಳೆ ಹಿಡಿದ ಮೇಲೆ ನೆಡಬೇಕು. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗ ಆರಿಸಿರಿ. ನಮ್ಮ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡವೇ ಹೋಗುತ್ತದೆ. ಬುಡಕ್ಕೆ ಮಣ್ಣು ಏರಿಸುವುದು ಅವಶ್ಯ. ಸೆಗಣಿ ಮತ್ತು ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ಕೊಳೆಯಿಸಿ, ತೆಳು ಮಾಡಿ ಹಾಕಿರಿ. ಮಳೆಗಾಲ ಕಳೆದ ಮೇಲೆ ಸವರಿದರೆ ಹೊಸ ಚಿಗುರು ಬಂದು, ಆ ಚಿಗುರಿನ ತುದಿಯಲ್ಲೇ ಮೊಗ್ಗು ಕಟ್ಟುತ್ತದೆ. ಮೊಗ್ಗು ಕೊರೆಯುವ ಹುಳು ಕಂಡರೆ ಆ ಮೊಗ್ಗುಗಳನ್ನು ಆರಿಸಿ ಸುಟ್ಟುಬಿಡಿ. ಈ ಹೂವನ್ನು ಹೆಂಗಸರು, ಮಕ್ಕಳು ತಲೆಗೆ ಮುಡಿಯುತ್ತಾರೆ ಎಂಬುದನ್ನು ಮರೆತು ಕೊಯ್ಲಿನ ಹಿಂದಿನ ದಿನ ವಿಷದ ಔಷಧಿ ಸಿಂಪಡಿಸುವವರಿದ್ದಾರೆ. ಅದು ಸಲ್ಲದು.

ಈಗ ಲೆಕ್ಕ. 800 ಹೂವು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಹೂವು. ದರ ನಿಗದಿಯಾಗುವುದು ಅಟ್ಟೆಗೆ, ಅದೂ ದಿನದಿನಕ್ಕೆ. ಹಬ್ಬ ಮತ್ತು ಮದುವೆಯ ದಿನಗಳಲ್ಲಿ ಅಟ್ಟೆಗೆ 2,000 ರೂಪಾಯಿ ದಾಟಿದ್ದುಂಟು. ಆ ದಿನದ ದರ ಕೇಳಿಯೇ ಗಿಡ ನೆಡಲು ಹೊರಡುವವರು ಬಹಳ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ, ಮಳೆಗೆ ಹೂವೂ ಕಡಿಮೆ. ಎಪ್ರಿಲ್, ಮೇ ತಿಂಗಳಲ್ಲಿ ಹೂವು ಧಾರಾಳ. ಆದರೆ ಎಲ್ಲರ ಅಂಗಳದಲ್ಲೂ ಧಾರಾಳ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಟ್ಟೆಗೆ 800 ರೂ. ದರ ಇರುವ ದಿನ ನೀವು ಎರಡು ಚೆಂಡು ಕೊಟ್ಟಿರಿ ಎನ್ನಿ, 400 ರೂ. ಬಂತು. ಗೊಬ್ಬರ, ಬಾಳೆನಾರು, ದಲ್ಲಾಳಿ ಎಂದು 60 ರೂ. ಕಳೆಯಿರಿ. ಉಳಿದದ್ದು 340. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ 1,600 ಮೊಗ್ಗು ಕೊಯ್ದು, ನಾರು ನೆನೆಸಿ, ಕಟ್ಟಿ, ಬಾಳೆಲೆಯಲ್ಲಿ ಸುತ್ತಿಡಲು ನಿಮಗೆ ಹಿಡಿದ ಹೊತ್ತೆಷ್ಟು? ಐದು ಗಂಟೆಯಾದರೆ ಗಂಟೆಗೆ 68 ರೂ. ಬಿತ್ತು. ಅದೇ ದರ 200ಕ್ಕೆ ಇಳಿದ ದಿನ ಅಷ್ಟೇ ಹೂವಿಗೆ ಸಿಗುವುದು 100. ಖರ್ಚು ಕಳೆದು 40. ಗಂಟೆಗೆ 8 ರೂಪಾಯಿ! ಆ ದಿನ ನೆರೆಮನೆಯವರಿಗೆ ಚೆಂಡಿನ ಲೆಕ್ಕದಲ್ಲಿ ಕೂಲಿ ಕೊಟ್ಟು ಕಟ್ಟಿಸಿದರೆ ಕೈಯಿಂದಲೇ ಹಾಕಬೇಕಾಗುತ್ತದೆ. ತಾಯಿಯ ದುಡಿಮೆಗೆ ಬೆಲೆಯಿಲ್ಲ ಎಂದು ಹೊಗಳುವ ಮಾತೊಂದುಂಟು. ಮನೆಯವರು ಅದನ್ನು ಕೂಲಿ ಬರೆಯದಿರಲು ಬಳಸಿಕೊಳ್ಳುವುದನ್ನೂ ನಾವು ಕಂಡಿದ್ದೇವೆ.

ಆದ್ದರಿಂದ ಒಂದು ನೋಟುಪುಸ್ತಕ ಇಡಿ. ದಿನಾಂಕ, ಚೆಂಡು, ದರ, ಬಂದ ಹಣ, ಖರ್ಚು, ನಿಮ್ಮ ಗಂಟೆ: ಇಷ್ಟೇ ಸಾಕು. ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲೇ ಖಾತೆ ತೆರೆಯಿರಿ. ಹೂವಿನ ಹಣ ಅಡುಗೆಮನೆಯ ಡಬ್ಬಿಗೆ ಬಿದ್ದರೆ ಮೀನಿಗೂ ಅಕ್ಕಿಗೂ ಕರಗಿ, ಜೂನಿನಲ್ಲಿ ಶಾಲೆಯ ಫೀಸು ಕಟ್ಟುವಾಗ ಬಳೆ ಅಡವಿಡಬೇಕಾಗುತ್ತದೆ. ಬೇಸಗೆಯ ಹೂವಿನ ದುಡ್ಡು ಮಳೆಗಾಲದ ಫೀಸಿಗೆ ಎಂದು ಮೊದಲೇ ಎತ್ತಿಡುವುದು ಉತ್ತಮ. ಮನೆಖರ್ಚಿಗೆ ಬೇಕಿದ್ದರೆ ವಾರಕ್ಕೊಮ್ಮೆ ಇಷ್ಟೆಂದು ನೀವೇ ನಿಗದಿ ಮಾಡಿ ಕೊಡಿರಿ.

ಇನ್ನು ಭಾನುವಾರದ ಮಾತು. ಕ್ರೈಸ್ತ ತಾಯಂದಿರಿಗೆ ಇದೇ ದೊಡ್ಡ ತೊಡಕು. ಇಗರ್ಜಿಯ ಬಲಿಪೂಜೆ ಬೆಳಿಗ್ಗೆ; ಮೊಗ್ಗು ಕೊಯ್ಯುವುದೂ ಬೆಳಿಗ್ಗೆ. ಮೊಗ್ಗು ಕಾಯುವುದಿಲ್ಲ, ಸಂಜೆಗೆ ಅರಳಿಬಿಡುತ್ತದೆ. ಹಾಗಾಗಿ ಒಬ್ಬಳೇ ನಾಲ್ಕಕ್ಕೆ ಎದ್ದು, ಟಾರ್ಚಿನ ಬೆಳಕಿನಲ್ಲಿ ಕೊಯ್ದು, ಅರ್ಧ ಕಟ್ಟಿ, ಪೂಜೆಗೆ ಓಡಿ, ಅಲ್ಲಿ ತೂಕಡಿಸಿ, ಬಂದು ಮತ್ತೆ ಕಟ್ಟಲು ಕೂರುವ ತಾಯಿಯನ್ನು ಯಶಸ್ವಿ ಎಂದು ಹೇಗೆ ಹೇಳೋಣ? ವಾರದ ಏಳೂ ದಿನ ಹೀಗೆ ನಡೆಸಿದರೆ ಗಿಡಕ್ಕಿಂತ ಮೊದಲು ಸೊಂಟ ಬೀಳುತ್ತದೆ.

ದಾರಿಗಳಿವೆ. ಎರಡು ಪೂಜೆಗಳಿರುವ ಕಡೆ ಮನೆಯವರು ಎರಡು ಪಾಳಿಯಾಗಿ ಹೋಗಬಹುದು. ಮೊದಲ ಪೂಜೆಗೆ ತಾಯಿ ಹೋದರೆ ಕೊಯ್ಲು ಯಜಮಾನರದು. ಗಂಡಸು ಹೂವು ಕೊಯ್ದರೆ ನಗುವವರು ಹೂವಿನ ಹಣದಲ್ಲಿ ಊಟ ಮಾಡುವಾಗ ನಗುವುದಿಲ್ಲವಷ್ಟೆ. ಪಕ್ಕದ ಹಿಂದೂ ಮನೆಯಲ್ಲಿ ಹೂ ಕಟ್ಟಬಲ್ಲವರಿದ್ದರೆ ಭಾನುವಾರದ ಕಟ್ಟುವ ಕೆಲಸ ಅವರಿಗಿರಲಿ. ಚೌತಿ, ದೀಪಾವಳಿಗೆ ಅವರ ಹೂವನ್ನು ನೀವು ಕಟ್ಟಿಕೊಡಿ. ಮಕ್ಕಳ ಸಹಾಯ ರಜೆಯಲ್ಲಿ ಸರಿ. ಶಾಲೆಯ ದಿನ ಬೆಳಿಗ್ಗೆ ಅವರನ್ನು ಗಿಡದ ಬುಡದಲ್ಲಿ ಕೂರಿಸಬಾರದು. ಯಾರ ಫೀಸಿಗಾಗಿ ಈ ಹೂವು ಬೆಳೆಯುವುದು?

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮೊದಲಿನ ಒಂಬತ್ತು ದಿನ ಮಕ್ಕಳು ಮೇರಿ ಮಾತೆಗೆ ಹೂವು ಒಯ್ಯುತ್ತಾರೆ. ಆಗ ನಿಮ್ಮ ಗಿಡದಿಂದ ಕೊಟ್ಟ ಹಿಡಿ ಮೊಗ್ಗನ್ನೂ ಪುಸ್ತಕದಲ್ಲಿ ಬರೆಯಿರಿ. ಹಣದ ಕಡೆ ಸೊನ್ನೆ ಇರಲಿ, ಹೂವಿನ ಕಡೆ ಎಣಿಕೆ ಇರಲಿ. ಮರುವರ್ಷ ಆ ತಿಂಗಳು ಗಿಡ ಎಷ್ಟು ಕೊಟ್ಟಿತೆಂದು ನೋಡಲು ಅದು ಬೇಕಾಗುತ್ತದೆ.